ಡೇಲಿ ಸ್ಮಾರಕ ಮಂದಿರವೂ ಅದು ನಿಂತ ನೆಲವೂ

ಊರಿನ ಚರಿತ್ರೆಯು ಗ್ರಂಥಭಂಡಾರಗಳಲ್ಲಿ ಮಾತ್ರವೇ ದೊರೆಯತಕ್ಕದ್ದೆಂದು ಬಹುಮಂದಿ ಭಾವಿಸುವುದುಂಟು. ಬೀದಿಯ ಹೆಸರು, ಕಟ್ಟಡದ ಹಣೆಯ ಮೇಲಣ ಅಕ್ಷರ, ಬತ್ತಿದ ಕೆರೆಯ ಅಂಗಳ, ಗುಡಿಯ ಹಿಂದೆ ಒರಗಿರುವ ಕಲ್ಲು, ಇವೂ ಚರಿತ್ರೆಯ ಪುಟಗಳೇ ಆಗಿವೆ. ಓದಬಲ್ಲವನಿಗೆ ಇವು ಮಾತನಾಡುವುವು. ಓದಲಾರದವನಿಗೆ ಬರಿಯ ಕಲ್ಲುಮಣ್ಣಾಗಿ ಉಳಿಯುವುವು. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಡೇಲಿ ಸ್ಮಾರಕ ಮಂದಿರವು ಅಂತಹ ಪುಟಗಳಲ್ಲೊಂದು. ಇದು ಮಿಥಿಕ್ ಸೊಸೈಟಿ ಎಂಬ ವಿದ್ವತ್ಸಂಘದ ಮನೆ. ಕಚೇರಿಗೆ ನಡೆಯುವ ನೌಕರನೂ ಕಾಲೇಜಿಗೆ ಹೋಗುವ ವಿದ್ಯಾರ್ಥಿಯೂ ಪ್ರತಿದಿನ ಇದರ ಮುಂದೆ ಹಾದುಹೋಗುವರು. ಆದರೆ ಅಲ್ಲಿ ಒಂದರ ಮೇಲೊಂದು ಕೂಡಿಕೊಂಡಿರುವ ಮೂರು ಹೆಸರುಗಳ ವಿಷಯದಲ್ಲಿ ಯೋಚಿಸುವವರು ವಿರಳ.

ಮಂದಿರಕ್ಕಿರುವುದು ಮೈಸೂರಿನಲ್ಲಿ ಆಂಗ್ಲ ಸರ್ಕಾರದ ರೆಸಿಡೆಂಟರಾಗಿದ್ದ ಸರ್ ಹ್ಯೂ ಡೇಲಿಯವರ ಹೆಸರು. ರಸ್ತೆಗಿರುವುದು ಒಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡನ್ನಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು. ಅದೇ ರಸ್ತೆಗೆ ಹಿಂದೆ ಇದ್ದ ಹೆಸರು ಸೆನೋಟಾಫ್ ರಸ್ತೆ. ಎಂದರೆ, ದೇಹವಿಲ್ಲದ ಸಮಾಧಿಯ ರಸ್ತೆ. ಆಂಗ್ಲ ಅಧಿಕಾರಿ, ಕನ್ನಡದ ಚಕ್ರವರ್ತಿ, ಯುದ್ಧದಲ್ಲಿ ಮಡಿದವರ ಕಲ್ಲು, ಈ ಮೂರೂ ಒಂದೇ ಬೀದಿಯಲ್ಲಿ ಹೇಗೆ ಸೇರಿದವೆಂಬುದನ್ನು ವಿಚಾರಿಸಿದಲ್ಲಿ ಬೆಂಗಳೂರಿನ ಚರಿತ್ರೆಯ ಬಹುಭಾಗವು ತಾನಾಗಿಯೇ ಕಣ್ಣಿಗೆ ಬೀಳುವುದು.

ನೆಲದ ಪೂರ್ವಕಥೆ

ಬೆಂಗಳೂರೆಂಬ ಹೆಸರು ಕೆಂಪೇಗೌಡನಿಗಿಂತ ಬಹಳ ಹಳೆಯದು. ನಗರದ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ. ಶ. 890ರ ಸುಮಾರಿನ, ಗಂಗರ ಕಾಲದ ಒಂದು ಶಾಸನವಿದೆ. ಬೆಂಗಳೂರಿನ ಕಾಳೆಗದಲ್ಲಿ ಬುಟ್ಟಣಶೆಟ್ಟಿಯೆಂಬ ವೀರನು ಸತ್ತನೆಂಬುದು ಅದರ ತಾತ್ಪರ್ಯ. ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದು ಲಕ್ಷಾಂತರ ಮಂದಿಯ ಬಾಯಲ್ಲಿ ನಲಿಯುವ ಈ ಊರಿನ ಹೆಸರು ಕಲ್ಲಿನ ಮೇಲೆ ನಮಗೆ ಕಾಣಬರುವುದು ಅರಸನ ಪ್ರಶಸ್ತಿಯಲ್ಲಿ ಅಲ್ಲ, ಕಾಳೆಗದಲ್ಲಿ ಬಿದ್ದವನೊಬ್ಬನ ನೆನಪಿನ ಕಲ್ಲಿನಲ್ಲಿ.

1537ರಲ್ಲಿ ವಿಜಯನಗರದ ಅರಸರಿಗೆ ಅಧೀನನಾಗಿದ್ದ ಯಲಹಂಕ ನಾಡಪ್ರಭು ಕೆಂಪೇಗೌಡನು ಇಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿ ಪೇಟೆಯನ್ನು ನೆಲೆಗೊಳಿಸಿದನು. ನಾನಾ ಕಸುಬಿನವರೂ ವರ್ತಕರೂ ಬೇರೆಬೇರೆ ಬೀದಿಗಳಲ್ಲಿ ಮನೆಮಾಡಿದರು. ಪೇಟೆಯ ಪೂರ್ವದಿಕ್ಕಿನ ಬಾಗಿಲಿಗೆ ಹಲಸೂರು ಬಾಗಿಲೆಂದು ಹೆಸರಾಯಿತು. ಬಾಗಿಲು ಎಂದೋ ಅಳಿದುಹೋದರೂ ಹಲಸೂರು ಗೇಟ್ ಎಂಬ ಹೆಸರು ಇಂದಿಗೂ ಅಳಿದಿಲ್ಲ. ಈ ಬಾಗಿಲಿನಿಂದ ಹೊರಗೆ, ಈಗಿನ ನೃಪತುಂಗ ರಸ್ತೆಗೆ ಅನತಿ ದೂರದಲ್ಲಿ ಸಂಪಂಗಿ ಕೆರೆಯು ಹರಡಿಕೊಂಡಿದ್ದಿತು. ಊರಿಗೆ ನೀರೊದಗಿಸುತ್ತಿದ್ದ ಕೆರೆಗಳಲ್ಲಿ ಅದೂ ಒಂದು. ಸುತ್ತಲಿನ ತೋಟಗಳಿಗೂ ಅದರ ನೀರೇ ಆಧಾರವಾಗಿದ್ದಿತು.

ಕೆಂಪೇಗೌಡನ ವಂಶದ ತರುವಾಯ ಊರು ಅನೇಕರ ಕೈಗೆ ಹೋಯಿತು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇದನ್ನು ಹಿಡಿದನು. ಅನಂತರ ಶಿವಾಜಿಯ ತಂದೆಯಾದ ಷಹಾಜಿಗೆ ಇದು ಜಹಗೀರಾಯಿತು. 1687ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನು ಗೆದ್ದುಕೊಂಡನು. ಅವನಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗಳಿಗೆ ಇದನ್ನು ಪಡೆದರೆಂದು ಪ್ರಸಿದ್ಧವಾಗಿದೆ. 1758ರಲ್ಲಿ ಹೈದರಾಲಿಖಾನನಿಗೆ ಜಹಗೀರಾಗಿ ಬಂದ ಮೇಲೆ, 1761ರಲ್ಲಿ ಆತನು ಪೇಟೆಯ ದಕ್ಷಿಣಕ್ಕಿದ್ದ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದನು. ಹೀಗೆ ನೂರಿಪ್ಪತ್ತು ವರ್ಷಗಳೊಳಗಾಗಿ ಒಂದೇ ಊರು ಐದಾರು ಒಡೆತನಗಳನ್ನು ಕಂಡಿತು. ಒಡೆಯರು ಬದಲಾದರೂ ಪೇಟೆಯ ನೇಕಾರನ ಮಗ್ಗವು ನಿಲ್ಲಲಿಲ್ಲ. ಸಂಪಂಗಿ ಕೆರೆಯ ನೀರೂ ಹರಿಯುತ್ತಲೇ ಇದ್ದಿತು.

ಕಾಳೆಗವೂ ಕಲ್ಲೂ

1791ರ ಮಾರ್ಚಿ ತಿಂಗಳು ಈ ನೆಲಕ್ಕೆ ಮರೆಯಲಾಗದ ತಿಂಗಳಾಯಿತು. ಕುಂಪಣಿ ಸರ್ಕಾರದ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್ ಪ್ರಭುವು ಟೀಪುಸುಲ್ತಾನನ ಮೇಲೆ ತಾನೇ ದಂಡೆತ್ತಿ ಬಂದು, ಮಾರ್ಚಿ 5ರಂದು ಬೆಂಗಳೂರಿನ ಮುಂದೆ ಪಾಳೆಯವನ್ನು ಇಳಿಸಿದನು. 7ರಂದು ಆಂಗ್ಲ ಸೈನ್ಯವು ಪೇಟೆಯ ಬಾಗಿಲಿಗೆ ಮುತ್ತಿತು. ಬಾಗಿಲು ಒಡೆಯಿತು, ಆದರೆ ಫಿರಂಗಿದಳದ ಹೆಸರಾಂತ ಅಧಿಕಾರಿಯಾದ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸನು ಅಲ್ಲಿಯೇ ಗುಂಡೇಟಿನಿಂದ ಸತ್ತನು. ಪೇಟೆಯನ್ನು ಮರಳಿ ಪಡೆಯಲು ಟೀಪುವಿನ ಪಡೆಗಳು ಅಂದೇ ಮಾಡಿದ ಪ್ರಯತ್ನವು ಬೀದಿಬೀದಿಗಳಲ್ಲಿ ರಕ್ತವನ್ನು ಹರಿಸಿ ವಿಫಲವಾಯಿತು. ಅಲ್ಲಿಂದ ಎರಡು ವಾರಗಳ ಕಾಲ ಕೋಟೆಯ ಗೋಡೆಗೆ ಗುಂಡಿನ ಮಳೆ ಸುರಿದು, 21ರ ರಾತ್ರಿ ಬೆಳುದಿಂಗಳಲ್ಲಿ ಲಗ್ಗೆಯಾಯಿತು. ಕಿಲ್ಲೇದಾರನಾದ ಬಹಾದೂರ್ ಖಾನನು ಶರಣಾಗಲೊಲ್ಲದೆ ಹೋರಾಡುತ್ತ ಪ್ರಾಣಬಿಟ್ಟನು. ಆ ವೃದ್ಧನ ಕೆಚ್ಚನ್ನು ವೈರಿಪಕ್ಷದ ಬರೆಹಗಾರರೇ ಮೆಚ್ಚಿ ಬರೆದಿರುವರು.

ಈ ಯುದ್ಧದಲ್ಲಿ ಮಡಿದ ಆಂಗ್ಲ ಅಧಿಕಾರಿಗಳ ನೆನಪಿಗಾಗಿ ತರುವಾಯದಲ್ಲಿ ಪೇಟೆಯ ಪೂರ್ವಬಾಗಿಲಿನ ಹೊರಗೆ, ಈಗಿನ ಪೌರಾಡಳಿತ ಕಚೇರಿಯ ಬಳಿಯ ಚೌಕದಲ್ಲಿ, ಸುಮಾರು 35 ಅಡಿ ಎತ್ತರದ ಒಂದು ಕಂಬವನ್ನು ನಿಲ್ಲಿಸಲಾಯಿತು. ಅದೇ ಸೆನೋಟಾಫ್. ಮಡಿದವರ ಹೆಸರುಗಳನ್ನು ಅದರ ಮೇಲೆ ಕೊರೆಯಿಸಿದ್ದರು. ಆ ಕಂಬದಿಂದ ಹೊರಟ ರಸ್ತೆಗೆ ಕಂಬದ ಹೆಸರೇ ಬಂದಿತು.

ಸತ್ತವರನ್ನು ನೆನೆಯುವುದು ಎಲ್ಲ ಜನಾಂಗಗಳಲ್ಲಿಯೂ ಇರುವ ಧರ್ಮ. ಬೇಗೂರಿನ ಕಲ್ಲನ್ನು ನಿಲ್ಲಿಸಿದವರ ಮನಸ್ಸೂ ಈ ಕಂಬವನ್ನು ನಿಲ್ಲಿಸಿದವರ ಮನಸ್ಸೂ ಆ ಮಟ್ಟಿಗೆ ಒಂದೇ. ಆದರೆ ಒಂದು ಭೇದವನ್ನು ಹೇಳದೆ ಬಿಡುವುದು ಸತ್ಯಕ್ಕೆ ಒಪ್ಪದು. ಕಂಬದ ಮೇಲೆ ಗೆದ್ದವರ ಪಕ್ಷದ ಹೆಸರುಗಳಿದ್ದವು. ಅದೇ ನೆಲದಲ್ಲಿ ಅದೇ ದಿನಗಳಲ್ಲಿ ಬಿದ್ದ ಬಹಾದೂರ್ ಖಾನನಿಗಾಗಲಿ, ಅವನೊಡನೆ ಸತ್ತ ಮೈಸೂರಿನ ಸಿಪಾಯಿಗಳಿಗಾಗಲಿ ಅದರಲ್ಲಿ ಒಂದು ಅಕ್ಷರದ ಸ್ಥಳವೂ ಇರಲಿಲ್ಲ. ಊರನ್ನು ಕಾಯ್ದವರ ಹೆಸರಿಲ್ಲದ ಕಲ್ಲನ್ನು ಊರಿನ ಮಕ್ಕಳು ಮುಂದೆ ನೂರೈವತ್ತು ವರ್ಷ ನೋಡುತ್ತ ನಡೆದರು.

ಪೇಟೆಯೂ ದಂಡೂ

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಮೈಸೂರು ರಾಜ್ಯವು ಮತ್ತೆ ಒಡೆಯರ ವಂಶಕ್ಕೆ ಸಂದಿತು. 1809ರಲ್ಲಿ ಆಂಗ್ಲರು ತಮ್ಮ ದಂಡಿನ ಪಾಳೆಯವನ್ನು ಬೆಂಗಳೂರಿನ ಪೂರ್ವಭಾಗದಲ್ಲಿ ಸ್ಥಾಪಿಸಿದರು. ಅಂದಿನಿಂದ ಒಂದೇ ಹೆಸರಿನ ಎರಡು ಊರುಗಳು ಪಕ್ಕಪಕ್ಕದಲ್ಲಿ ಬೆಳೆದವು. ಪಶ್ಚಿಮಕ್ಕೆ ಪೇಟೆ, ಅಲ್ಲಿ ಅಂಗಡಿಸಾಲು, ಮಗ್ಗ, ಗುಡಿಗೋಪುರ, ಕನ್ನಡ ತೆಲುಗು ಮಾತುಗಳು. ಪೂರ್ವಕ್ಕೆ ದಂಡು, ಅಲ್ಲಿ ಕವಾಯತಿನ ಬಯಲು, ಬಂಗಲೆ, ಇಗರ್ಜಿ, ಇಂಗ್ಲಿಷು ಮತ್ತು ತಮಿಳು ಮಾತುಗಳು. 1831ರಲ್ಲಿ ಆಂಗ್ಲ ಸರ್ಕಾರವು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತಾನೇ ವಹಿಸಿಕೊಂಡು ಕಮಿಷನರುಗಳ ಮೂಲಕ ನಡೆಸತೊಡಗಿದ ಮೇಲೆ ಬೆಂಗಳೂರು ಅಧಿಕಾರದ ಕೇಂದ್ರವಾಯಿತು. 1868ರಲ್ಲಿ ಅಠಾರಾ ಕಚೇರಿಯ ಕಟ್ಟಡವೂ, 1870ರಲ್ಲಿ ಕಬ್ಬನ್ ಉದ್ಯಾನವೂ ಈ ಎರಡು ಊರುಗಳ ನಡುವೆ ಎದ್ದವು.

1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ದಂಡಿನ ಪ್ರದೇಶ ಮಾತ್ರ ಆಂಗ್ಲರ ವಶದಲ್ಲಿಯೇ ಉಳಿದು ರೆಸಿಡೆಂಟರ ಅಧಿಕಾರಕ್ಕೆ ಒಳಪಟ್ಟಿತು. ಪೇಟೆಯವನು ನಡೆದು ದಂಡಿಗೆ ಹೋದರೆ ಬೇರೊಂದು ಆಳ್ವಿಕೆಯ ಗಡಿಯನ್ನು ದಾಟಿದಂತಾಗುತ್ತಿದ್ದಿತು. ನ್ಯಾಯಸ್ಥಾನ ಬೇರೆ, ಪುರಸಭೆ ಬೇರೆ, ಪೊಲೀಸು ಬೇರೆ. ಈ ಎರಡು ಊರುಗಳು ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಅದಕ್ಕೆ ನಲವತ್ತು ವರ್ಷ ಮೊದಲೇ, ಎರಡು ಕಡೆಯವರೂ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವಂತೆ ಮಾಡಿದ ಕಾರ್ಯವೊಂದು ನಡೆಯಿತು.

ಸಂಘದ ಹುಟ್ಟು

ಇಪ್ಪತ್ತನೆಯ ಶತಮಾನದ ಮೊದಲ ದಶಕವು ಮೈಸೂರು ಸೀಮೆಯಲ್ಲಿ ಪ್ರಾಚೀನ ವಿಷಯಗಳ ಶೋಧನೆಗೆ ಸುಗ್ಗಿಯ ಕಾಲವಾಗಿದ್ದಿತು. ಬಿ. ಎಲ್. ರೈಸರು ಹಳ್ಳಿಹಳ್ಳಿಗಳಿಂದ ಸಂಗ್ರಹಿಸಿದ ಸುಮಾರು 9,000 ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಾಗಿ ಹೊರಬಂದಿದ್ದವು, ಬೆಂಗಳೂರು ಜಿಲ್ಲೆಯ ಸಂಪುಟವು ಅಚ್ಚಾದುದು 1905ರಲ್ಲಿ. ಅದೇ ವರ್ಷದಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯು ಸಿಕ್ಕಿತು. 1909ರಲ್ಲಿ ಅದು ಮುದ್ರಿತವಾಗಿ ಲೋಕದ ವಿದ್ವಾಂಸರನ್ನು ಬೆರಗುಗೊಳಿಸಿತು. ರೈಸರ ತರುವಾಯ ಪ್ರಾಚ್ಯವಸ್ತು ಸಂಶೋಧನೆಯ ಇಲಾಖೆಯ ಭಾರವನ್ನು ಹೊತ್ತಿದ್ದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾಗಿದ್ದಿತು. ಬೇಗೂರಿನ ಆ ಕಾಳೆಗದ ಶಾಸನವು ಬೆಳಕಿಗೆ ಬಂದದ್ದೂ ಈ ಆಚಾರ್ಯರ ಅಧಿಕಾರದ ಕಾಲದಲ್ಲಿಯೇ.

ಇಂತಹ ವಾತಾವರಣದಲ್ಲಿ, ದಂಡಿನ ಪ್ರದೇಶದ ಕಲೆಕ್ಟರರಾಗಿದ್ದ ಎಫ್. ಜೆ. ರಿಚರ್ಡ್ಸರ ಮುಂದಾಳುತನದಲ್ಲಿ 1909ರ ಮೇ ತಿಂಗಳಿನಲ್ಲಿ ಮಿಥಿಕ್ ಸೊಸೈಟಿಯು ಸ್ಥಾಪಿತವಾಯಿತು. ಮೈಸೂರು ದೇಶದ ಮತ್ತು ದಕ್ಷಿಣ ಹಿಂದೂಸ್ಥಾನದ ಚರಿತ್ರೆ, ಪುರಾಣಕಥೆ, ಜನಾಂಗಗಳ ಆಚಾರ ಮೊದಲಾದುವುಗಳನ್ನು ಶೋಧಿಸುವುದು ಅದರ ಉದ್ದೇಶವಾಗಿದ್ದಿತು. ಮೊದಲ ವರ್ಷಗಳಲ್ಲಿ ಅದರ ಅಧ್ಯಕ್ಷಸ್ಥಾನವನ್ನು ದೀರ್ಘಕಾಲ ವಹಿಸಿ ನಡೆಸಿದವರು ಫ್ರೆಂಚ್ ಪಾದ್ರಿಗಳಾದ ಫಾದರ್ ಟಬಾರ್ಡರು. ಸಂಘದ ತ್ರೈಮಾಸಿಕ ಪತ್ರಿಕೆಯು ಅದೇ ವರ್ಷ ಆರಂಭವಾಯಿತು. ಆಂಗ್ಲ ಅಧಿಕಾರಿ, ಫ್ರೆಂಚ್ ಪಾದ್ರಿ, ಮೈಸೂರು ಸರ್ಕಾರದ ನೌಕರ, ಪೇಟೆಯ ಪಂಡಿತ, ಕಾಲೇಜಿನ ಉಪಾಧ್ಯಾಯ, ಇವರೆಲ್ಲರೂ ಸಂಧಿಸುವುದಕ್ಕೆ ಆ ಕಾಲದ ಬೆಂಗಳೂರಿನಲ್ಲಿ ಬೇರೆ ಸ್ಥಳಗಳು ಬಹಳ ಇರಲಿಲ್ಲ. ಕಚೇರಿಯಲ್ಲಿ ಒಬ್ಬನು ಆಳುವವನು, ಮತ್ತೊಬ್ಬನು ಆಳಿಸಿಕೊಳ್ಳುವವನು. ಆದರೆ ಸವೆದ ಶಾಸನದ ಒಂದು ಅಕ್ಷರವನ್ನು ಕುರಿತು ವಾದ ಹುಟ್ಟಿದಾಗ ಪದವಿಯು ಪ್ರಯೋಜನಕ್ಕೆ ಬಾರದು. ಅಕ್ಷರವನ್ನು ಬಲ್ಲವನ ಮಾತೇ ನಿಲ್ಲುವುದು.

ಇದರಲ್ಲಿ ಒಂದು ಕೊರತೆಯೂ ಇದ್ದಿತು. ಸಂಘದ ಉಪನ್ಯಾಸಗಳೂ ಪತ್ರಿಕೆಯೂ ಇಂಗ್ಲಿಷಿನಲ್ಲಿ ನಡೆದವು. ಕನ್ನಡ ಶಾಸನದ ಅರ್ಥವನ್ನು ಕನ್ನಡಿಗನೇ ತಿಳಿಯಬೇಕಾದರೆ ಮೊದಲು ಇಂಗ್ಲಿಷನ್ನು ಕಲಿಯಬೇಕಾಗಿದ್ದಿತು. ಶಾಸನವಿದ್ದ ಹಳ್ಳಿಯ ರೈತನಿಗೆ ತನ್ನ ಹೊಲದ ಬದುವಿನ ಕಲ್ಲಿನ ಸಂಗತಿಯು ತಲುಪುವ ದಾರಿ ಇರಲಿಲ್ಲ. ಈ ಕೊರತೆಯನ್ನು ತುಂಬಲು ಬೇರೆ ಸಂಸ್ಥೆಯೇ ಹುಟ್ಟಬೇಕಾಯಿತು. 1915ರ ಮೇ ತಿಂಗಳಿನಲ್ಲಿ ಅದೇ ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರು ಮೈಸೂರು ಸೀಮೆಯ ಜಾತಿಮತಗಳ ಆಚಾರವ್ಯವಹಾರಗಳ ಪರಿಶೀಲನೆಯನ್ನು ನಡೆಸಿದ ವಿದ್ವಾಂಸರೂ ಆಗಿದ್ದರು. ಎರಡು ಸಂಸ್ಥೆಗಳ ಭಾಷೆ ಬೇರೆಯಾಗಿದ್ದರೂ ಅವು ಉತ್ತ ಹೊಲವು ಒಂದೇ ಎಂಬುದಕ್ಕೆ ಇದು ಸಾಕ್ಷಿ.

ಮಂದಿರದ ನಿರ್ಮಾಣ

ಎಂಟು ವರ್ಷ ಸಂಘಕ್ಕೆ ಸ್ವಂತ ಮನೆಯಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯದಿಂದ ನಿವೇಶನವೂ ಧನಸಹಾಯವೂ ದೊರೆತು, 1916ರಲ್ಲಿ ಸೆನೋಟಾಫ್ ರಸ್ತೆಯಲ್ಲಿ ಕಟ್ಟಡದ ಕೆಲಸವು ಆರಂಭವಾಗಿ 1917ರಲ್ಲಿ ಮಂದಿರವು ಸಿದ್ಧವಾಯಿತು. ಯೂರೋಪಿನಲ್ಲಿ ಮಹಾಯುದ್ಧವು ನಡೆಯುತ್ತಿದ್ದ ಕಾಲವದು. ಆ ರಸ್ತೆಯ ತುದಿಗೆ ಸಮೀಪದಲ್ಲಿಯೇ, ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದೂ 1917ರಲ್ಲಿಯೇ. ಒಂದು ಕಡೆ ಮುಂದಿನ ಕಾಲಕ್ಕೆ ಸೇತುವೆ ಕಾರ್ಖಾನೆಗಳನ್ನು ಕಟ್ಟುವವರನ್ನು ತರಬೇತುಗೊಳಿಸುವ ಮನೆ. ಮತ್ತೊಂದು ಕಡೆ ಹಿಂದಿನ ಕಾಲವನ್ನು ಅಗೆದು ನೋಡುವವರ ಮನೆ. ದೇಶವು ಏಳಬೇಕಾದರೆ ಎರಡೂ ಬೇಕೆಂಬುದು ಆ ತಲೆಮಾರಿನವರ ನಂಬಿಕೆಯಾಗಿದ್ದಿತು.

1910ರಿಂದ 1916ರವರೆಗೆ ರೆಸಿಡೆಂಟರಾಗಿದ್ದ ಸರ್ ಹ್ಯೂ ಡೇಲಿಯವರ ಹೆಸರನ್ನು ಮಂದಿರಕ್ಕೆ ಇಟ್ಟರು. ನೆಲವು ಮೈಸೂರಿನದು, ದಾನವು ಮಹಾರಾಜರದು, ಹೆಸರು ರೆಸಿಡೆಂಟರದು. ಇದು ಆ ಕಾಲದ ರಾಜಕೀಯ ಸ್ಥಿತಿಯ ಸರಿಯಾದ ಚಿತ್ರ. ದೇಶೀಯ ಸಂಸ್ಥಾನದಲ್ಲಿ ಅರಸನ ಕೊಡುಗೈಯ ಹಿಂದೆ ರೆಸಿಡೆಂಟರ ನೆರಳು ಇದ್ದೇ ಇರುತ್ತಿದ್ದಿತು. ಆ ನೆರಳನ್ನು ಗದ್ಯಪದ್ಯಗಳಲ್ಲಿ ವರ್ಣಿಸದಿದ್ದವರೂ ಕಟ್ಟಡಗಳ ಹೆಸರಿನಲ್ಲಿ ಒಪ್ಪಿಕೊಳ್ಳಬೇಕಾಗಿದ್ದಿತು. ಹೆಸರು ಯಾರದೇ ಆಗಲಿ, ಮನೆಯೊಳಗೆ ನಡೆದ ಕೆಲಸವು ನಾಡಿನದಾಯಿತು. ಗಂಗರು, ಹೊಯ್ಸಳರು, ವಿಜಯನಗರದವರು, ಪಾಳೆಯಗಾರರು, ಗುಡಿ, ಬಸದಿ, ನಾಣ್ಯ, ಹಬ್ಬ, ಕುಲಾಚಾರ ಮುಂತಾದ ವಿಷಯಗಳ ಲೇಖನಗಳು ಪತ್ರಿಕೆಯಲ್ಲಿ ವರ್ಷವರ್ಷವೂ ಕೂಡಿಬಂದವು. ಪುಸ್ತಕಾಲಯವು ಬೆಳೆಯಿತು. ಸ್ಥಾಪಕರೂ ಅವರ ಸಾಮ್ರಾಜ್ಯವೂ ಹೋದ ಮೇಲೂ ಆ ಪತ್ರಿಕೆಯು ನಿಲ್ಲಲಿಲ್ಲ.

ಕಂಬವು ಉರುಳಿದ ಕಥೆ

1947ರಲ್ಲಿ ದೇಶವು ಸ್ವತಂತ್ರವಾಯಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರವಾದವು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿ, 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಸ್ವತಂತ್ರ ನಾಡಿನ ಮುಖ್ಯ ಚೌಕದಲ್ಲಿ ನಾಡನ್ನು ಗೆದ್ದವರ ಕಂಬವು ನಿಂತಿರುವುದು ಅನೇಕರಿಗೆ ಸಹಿಸಲಾರದ ಮಾತಾಯಿತು. 1964ರಲ್ಲಿ ನಗರಸಭೆಯು ಅದನ್ನು ಕೆಡವಿಸಿತು. ಕಂಬದ ಹೆಸರನ್ನು ಹೊತ್ತಿದ್ದ ರಸ್ತೆಯು ನೃಪತುಂಗನ ಹೆಸರನ್ನು ಪಡೆಯಿತು. ಇಂದು ಪೌರಾಡಳಿತ ಕಚೇರಿಯ ಮುಂದೆ ಕೆಂಪೇಗೌಡನ ಪ್ರತಿಮೆಯಿದೆ.

ರಸ್ತೆಗೆ ನೃಪತುಂಗನ ಹೆಸರು ಬಂದುದನ್ನು ಯಾವ ಕನ್ನಡಿಗನೂ ಆಕ್ಷೇಪಿಸನು. ಆತನ ಆಸ್ಥಾನದ ಶ್ರೀವಿಜಯನಿಂದ ಹುಟ್ಟಿದ ‘ಕವಿರಾಜಮಾರ್ಗ’ವು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಅದು ಗುರುತಿಸಿತು. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚುಮಾಡಿಸದಿದ್ದರೆ ನೃಪತುಂಗನ ಹೆಸರು ಇಷ್ಟು ಮಂದಿಯ ಬಾಯಿಗೆ ಬರುತ್ತಿರಲಿಲ್ಲ. ಹಳೆಯ ಓಲೆಯನ್ನು ಓದಿ ಉಳಿಸಿದವರ ಶ್ರಮದಿಂದಲೇ ಹೊಸ ರಸ್ತೆಗೆ ಹೆಸರು ದೊರೆಯಿತೆಂಬುದನ್ನು ಮರೆಯಬಾರದು.

ಕಂಬವನ್ನು ಕೆಡವಿದ್ದು ಸರಿಯೆ ಎಂಬ ಪ್ರಶ್ನೆಗೆ ಎರಡು ಕಡೆಗೂ ಬಲವಾದ ಮಾತುಗಳಿವೆ. ಗೆದ್ದವನು ಸೋತವನ ಹೊಸ್ತಿಲಲ್ಲಿ ನೆಟ್ಟ ಗುರುತನ್ನು ಸೋತವನ ಮಕ್ಕಳು ಸ್ವತಂತ್ರರಾದ ಮೇಲೆ ಏಕೆ ಕಾಯಬೇಕೆಂದು ಕೇಳಿದರೆ, ಆ ನೋವನ್ನು ಹಗುರವಾಗಿ ಎಣಿಸಲಾಗದು. ಊರನ್ನು ಕಾಯ್ದು ಸತ್ತವರ ಹೆಸರಿಗೆ ಅದರಲ್ಲಿ ಸ್ಥಳವಿರಲಿಲ್ಲವೆಂಬುದು ಮೇಲೆಯೇ ಹೇಳಲ್ಪಟ್ಟಿದೆ.

ಆದರೆ ಇದೇ ನ್ಯಾಯವನ್ನು ಹಿಂದಕ್ಕೆ ಎಳೆದರೆ ಎಲ್ಲಿ ನಿಲ್ಲಬೇಕು? 1004ರ ಸುಮಾರಿಗೆ ಚೋಳರು ಗಂಗರ ತಲಕಾಡನ್ನು ಗೆದ್ದು ಈ ಸೀಮೆಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಆಳಿದರು. ರಾಜರಾಜ ಚೋಳನ ಪ್ರಶಸ್ತಿಯಲ್ಲಿ ಆತನು ಗೆದ್ದ ನಾಡುಗಳ ಪಟ್ಟಿಯೇ ಇದೆ. ಗಂಗಪಾಡಿಯೂ ನೊಳಂಬಪಾಡಿಯೂ ಅದರಲ್ಲಿ ಸೇರಿವೆ. ಅದೂ ಕನ್ನಡನಾಡಿನ ಸೋಲಿನ ಲೆಕ್ಕವೇ. ದೊಮ್ಮಲೂರು, ಮಡಿವಾಳಗಳ ಗುಡಿಗಳ ಗೋಡೆಗಳ ಮೇಲೆ ಹಳೆಯ ತಮಿಳು ಶಾಸನಗಳು ಇಂದಿಗೂ ಇವೆ. ಅವುಗಳನ್ನು ಯಾರೂ ಒಡೆಯಲಿಲ್ಲ. ಕನ್ನಡದ ವಿದ್ವಾಂಸರೇ ಅವುಗಳ ಅಚ್ಚನ್ನು ತೆಗೆದು, ಓದಿ, ಊರಿನ ಪುರಾತನತ್ವಕ್ಕೆ ಆಧಾರವಾಗಿ ತೋರಿಸಿದರು. ಕಾಲವು ನೋವನ್ನು ಮಾಗಿಸಿ ಅದನ್ನು ಜ್ಞಾನವನ್ನಾಗಿ ಮಾಡಿತು. ಹೈದರನ ಕೋಟೆಯ ಉಳಿದ ಗೋಡೆಯ ಮೇಲೆ, ಆಂಗ್ಲ ಸೈನ್ಯವು 1791ರ ಮಾರ್ಚಿ 21ರಂದು ನುಗ್ಗಿದ ಬಿರುಕು ಇದೇ ಎಂದು ಹೇಳುವ ಹಲಗೆಗಲ್ಲೂ ಉಳಿದಿದೆ. ಅದನ್ನು ನೋಡಿದ ಬಾಲಕನು ಉಪಾಧ್ಯಾಯರನ್ನು ಪ್ರಶ್ನಿಸುವನು. ಪ್ರಶ್ನೆಯಿಂದ ಬಹಾದೂರ್ ಖಾನನ ಹೆಸರೂ ಹೊರಬರುವುದು. ಕಂಬವಿದ್ದ ಚೌಕದಲ್ಲಿ ಈಗ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಗೆದ್ದವರ ಹೆಸರಿನೊಡನೆ ಸೋತವರ ನೆನಪಿನ ಎಡೆಯೂ ಅಲ್ಲಿ ಅಳಿಸಿಹೋಯಿತು. ಅಲ್ಲಿ ಕಂಬದ ಪಕ್ಕದಲ್ಲಿ ಮತ್ತೊಂದು ಕಲ್ಲನ್ನು ನೆಟ್ಟು ಕಿಲ್ಲೇದಾರನ ಮತ್ತು ಅವನ ಸಿಪಾಯಿಗಳ ಶೌರ್ಯವನ್ನು ಬರೆಯಿಸಿದ್ದರೆ, ಹಳೆಯ ಕಲ್ಲಿನ ಅಪೂರ್ಣತೆಯು ತಾನಾಗಿಯೇ ತುಂಬುತ್ತಿದ್ದಿತಲ್ಲವೆ?

ಉಳಿಯುವ ಬಗೆ

ಈ ಒಂದು ಬೀದಿಯ ಸುತ್ತಲಿನ ಕಥೆಯನ್ನು ಒಟ್ಟಾಗಿ ಅವಲೋಕಿಸಿದರೆ ಹಳೆಯ ವಸ್ತುಗಳು ಮೂರು ಬಗೆಯಿಂದ ಉಳಿಯುವುವೆಂದು ಕಾಣಬರುವುದು.

ಮೊದಲನೆಯದು ಆಚರಣೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬೆಂಗಳೂರಿಗೆ ಬಂದ ಮೇಲೆ ಸಂಪಂಗಿ ಕೆರೆಯ ಅಗತ್ಯವು ಕುಂದಿತು. ಕೆರೆಯು ಬತ್ತಿ, ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು. ಆದರೂ ಕೆರೆಯು ಸಂಪೂರ್ಣವಾಗಿ ಅಳಿಯಲಿಲ್ಲ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗವು ಚೈತ್ರಮಾಸದಲ್ಲಿ ನಡೆಯುವಾಗ ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯ ಅಂಗಳವೇ ಬೇಕು. ಆ ಕಾರಣದಿಂದ ಒಂದು ಪುಟ್ಟ ಕೊಳವಾದರೂ ಅಲ್ಲಿ ಉಳಿದಿದೆ. ಸರ್ಕಾರದ ಯಾವ ಆಜ್ಞೆಯಿಂದಲೂ ಆಗದ ರಕ್ಷಣೆಯನ್ನು ವಹ್ನಿಕುಲದವರ ಭಕ್ತಿಯು ಮಾಡಿತು.

ಎರಡನೆಯದು ಬಳಕೆ. ಡೇಲಿಯವರ ಹೆಸರು ಹೊತ್ತ ಮಂದಿರವನ್ನು ಯಾರೂ ಕೆಡವಲಿಲ್ಲ. ರೆಸಿಡೆಂಟರ ಹೆಸರೆಂದು ಅದನ್ನು ದ್ವೇಷಿಸಲು ಕಾರಣವಿಲ್ಲದೆ ಇರಲಿಲ್ಲ. ಆದರೆ ಬಾಗಿಲು ತೆರೆದಿತ್ತು, ಒಳಗೆ ಪುಸ್ತಕಗಳಿದ್ದವು, ಅಲ್ಲಿ ಕುಳಿತು ಓದುವವರು ಇದ್ದರು. ಕೆಲಸ ನಡೆಯುವ ಮನೆಯ ಹೆಸರಿನ ತಂಟೆಗೆ ಜನರು ಹೋಗುವುದಿಲ್ಲ. ಇಂದು ಡೇಲಿ ಯಾರೆಂದು ತಿಳಿಯದವರೂ ಆ ಮನೆಯನ್ನು ಬಲ್ಲರು.

ಮೂರನೆಯದು ಓದು. ಬೇಗೂರಿನ ಕಲ್ಲು ಸಾವಿರ ವರ್ಷ ಮೂಕವಾಗಿದ್ದಿತು. ಅದನ್ನು ಓದಿದ ದಿನದಿಂದ ಅದು ಇಡೀ ನಗರದ ಸ್ವತ್ತಾಯಿತು. ಓದಿದ ಕಲ್ಲನ್ನು ಕದಲಿಸಲು ಕೈಗಳು ಹಿಂಜರಿಯುವುವು. ಓದದ ಕಲ್ಲು ಚರಂಡಿಯ ಮೇಲಿನ ಚಪ್ಪಡಿಯಾಗುವುದು. ಸೆನೋಟಾಫಿಗೆ ಈ ಮೂರರಲ್ಲಿ ಯಾವುದೂ ಇರಲಿಲ್ಲ. ಅದಕ್ಕೆ ಪೂಜೆ ಮಾಡುವವರಿರಲಿಲ್ಲ. ಅದರಿಂದ ಊರಿಗೆ ಬಳಕೆಯಿರಲಿಲ್ಲ. ಅದನ್ನು ಕನ್ನಡದಲ್ಲಿ ಓದಿ, ಅದರಲ್ಲಿರುವುದೇನು, ಇಲ್ಲದಿರುವುದೇನು ಎಂದು ಊರಿನ ಮಕ್ಕಳಿಗೆ ತಿಳಿಸಿದವರೂ ಇರಲಿಲ್ಲ. ಬುಡದಲ್ಲಿ ಬೇರಿಲ್ಲದ ಕಂಬವು ಮೊದಲ ಗಾಳಿಗೆ ಉರುಳಿತು.

ಇದರ ಪಾಠವನ್ನು ಸಂಘವು ಈಗ ಹೊಸ ಬಗೆಯಲ್ಲಿ ಆಚರಣೆಗೆ ತಂದಿರುವುದು ಸಂತೋಷದ ಸಂಗತಿ. 2021ರಲ್ಲಿ ಮಿಥಿಕ್ ಸೊಸೈಟಿಯು ಬೆಂಗಳೂರು ಸೀಮೆಯ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮಗಳಲ್ಲಿ ಪ್ರತಿಬಿಂಬಿಸಿ ಗಣಕದಲ್ಲಿ ಕಾಪಿಡುವ ಕಾರ್ಯವನ್ನು ಕೈಗೊಂಡಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಇದರಿಂದ ಗೋಚರವಾಗುವುವು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಯ ಕೆಲಸದ ನಡುವೆ ಹೊರಬಿದ್ದು, ಆಸಕ್ತರ ಎಚ್ಚರಿಕೆಯಿಂದ ಉಳಿದ, ಎಂಟನೆಯ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲನ್ನು ನೆನೆದರೆ ಈ ಕೆಲಸದ ಅವಸರವು ಸ್ಪಷ್ಟವಾಗುವುದು. ಆ ಕಲ್ಲೂ ಊರಿಗಾಗಿ ಕಾದಾಡಿ ಸತ್ತವನ ಕಲ್ಲೇ. ಒಂದು ಗುದ್ದಲಿಯ ಏಟು ಪಕ್ಕಕ್ಕೆ ಬಿದ್ದಿದ್ದರೆ ಕಿತ್ತಯ್ಯನೂ ಇಲ್ಲ, ಅವನ ಊರಿನ ಹೆಸರೂ ಇಲ್ಲ.

ಬೆಂಗಳೂರಿನಷ್ಟು ದೊಡ್ಡದಲ್ಲದ ಊರುಗಳಲ್ಲಿಯೂ ಇಂತಹ ಬೀದಿಗಳು ಇವೆ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಒಂದು ಕೋಟೆಯ ಗೋಡೆ, ಒಂದು ಹಳೆಯ ಛತ್ರ, ಒಂದು ದೊರೆಯ ಅಥವಾ ದೊರೆಸಾನಿಯ ಹೆಸರಿನ ಶಾಲೆ, ಒಂದು ಬತ್ತಿದ ಕೆರೆ ಇದ್ದೇ ಇರುವುದು. ಅವುಗಳಲ್ಲಿ ಕೆಲವು ಅಭಿಮಾನವನ್ನು ತರುವುವು, ಕೆಲವು ನೋವನ್ನು ತರುವುವು. ರಸ್ತೆ ಅಗಲಿಸುವ ದಿನ ಬಂದಾಗ ಎರಡಕ್ಕೂ ಒಂದೇ ಗತಿ. ಆ ದಿನಕ್ಕೆ ಮುಂಚೆ ಊರಿನ ಸಂಘಗಳೂ ಶಾಲೆಯ ಉಪಾಧ್ಯಾಯರೂ ಅವುಗಳ ಅಕ್ಷರವನ್ನು ಬರೆದಿಟ್ಟುಕೊಂಡು, ಯಾರು ನಿಲ್ಲಿಸಿದರು, ಯಾರನ್ನು ಬಿಟ್ಟರು ಎಂಬುದನ್ನು ಕನ್ನಡದಲ್ಲಿ ಊರವರಿಗೆ ತಿಳಿಸಿದರೆ ಸಾಕು. ತರುವಾಯ ಇಡಬೇಕೊ ತೆಗೆಯಬೇಕೊ ಎಂಬುದನ್ನು ಊರು ತಿಳಿದು ತೀರ್ಮಾನಿಸಲಿ. ಓದಿ ತೆಗೆದರೆ ನೆನಪಾದರೂ ಉಳಿಯುವುದು. ಓದದೆ ತೆಗೆದರೆ, ಬುಟ್ಟಣಶೆಟ್ಟಿಯಂತೆ ಈ ನೆಲದಲ್ಲಿ ಬಿದ್ದ ಎಷ್ಟೋ ಮಂದಿ ಎರಡನೆಯ ಸಲ ಸಾಯುವರು.